ಹಿಟ್ಟಿನ ಹುಂಜವೂ ಗಣಕಯಂತ್ರದ ಆಟವೂ

ಮಾಡಿದ ಕರ್ಮವನ್ನು ಮಾಡದುದನ್ನಾಗಿ ಮಾಡುವ ಶಕ್ತಿ ಮನುಷ್ಯನಿಗೆ ದೊರೆತರೆ, ಆ ಕರ್ಮದ ದೋಷವೂ ಅದರೊಡನೆ ಕಳೆದುಹೋಗುವುದೆ? ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಈ ರೂಪದಲ್ಲಿ ಎತ್ತಲಿಲ್ಲ. ಎತ್ತುವ ಪ್ರಸಂಗವೇ ಅವರಿಗೆ ಒದಗಲಿಲ್ಲ. ಬಿಟ್ಟ ಬಾಣ ಬತ್ತಳಿಕೆಗೆ ಬಾರದು, ಆಡಿದ ಮಾತು ಬಾಯಿಗೆ ಬಾರದು ಎಂಬ ಲೋಕಾನುಭವದ ಮೇಲೆಯೇ ಪ್ರಾಯಶ್ಚಿತ್ತಪ್ರಕರಣಗಳೆಲ್ಲ ನಿಂತಿವೆ. ಕೊಂದ ಪ್ರಾಣಿಯು ಎದ್ದು ನಿಲ್ಲುವಂತಿದ್ದರೆ ಕೃಚ್ಛ್ರಚಾಂದ್ರಾಯಣಗಳನ್ನು ವಿಧಿಸುವ ಆವಶ್ಯಕತೆಯೇನಿತ್ತು?

ಇಂದಿನ ಮನೆಗಳಲ್ಲಿ ಹುಡುಗರು ಗಣಕಯಂತ್ರದ ಮುಂದೆ ಕುಳಿತು ಆಡುವ ಆಟಗಳಲ್ಲಿ ಕೊಂದ ಪ್ರಾಣಿಯು ಎದ್ದೇ ನಿಲ್ಲುತ್ತದೆ. ಗುಂಡಿಯೊಂದನ್ನು ಒತ್ತಿದರೆ ಕಾಲವು ಹಿಂದಕ್ಕೆ ಸರಿದು, ಮೊದಲು ಗುರುತುಮಾಡಿಟ್ಟ ಕ್ಷಣಕ್ಕೆ ಬಂದು ನಿಲ್ಲುತ್ತದೆ. ಸೋತವನು ಸೋಲದವನಾಗುತ್ತಾನೆ, ಸತ್ತವನು ಸಾಯದವನಾಗುತ್ತಾನೆ. ಈ ಅನುಕೂಲವನ್ನು ಕೊಡುವ ಆಟಗಳು ಲೆಕ್ಕವಿಲ್ಲದಷ್ಟಿವೆ; ಈ ಅನುಕೂಲದ ಧರ್ಮಾಧರ್ಮಗಳನ್ನು ವಿಚಾರಿಸಿದ ಆಟಗಳು ವಿರಳ. ಅಂಥ ವಿರಳವಾದುದೊಂದು ಅಮೆರಿಕ ದೇಶದಲ್ಲಿ ಹುಟ್ಟಿ 2015ನೆಯ ಇಸವಿಯ ಸೆಪ್ಟೆಂಬರ್ 15ರಂದು ಪ್ರಕಟವಾಯಿತು. ಅದರ ಹೆಸರು ‘ಅಂಡರ್‌ಟೇಲ್’.

ಇದನ್ನು ರಚಿಸಿದವನು ಟೋಬಿ ಫಾಕ್ಸ್ ಎಂಬ ತರುಣ, 1991ರಲ್ಲಿ ಹುಟ್ಟಿದವನು. ಕಥೆ, ಸಂಭಾಷಣೆ, ಆಟದ ಕಟ್ಟಡ, ಸಂಗೀತ ಇವೆಲ್ಲವೂ ಬಹುಮಟ್ಟಿಗೆ ಆತನೊಬ್ಬನ ಕೆಲಸ. ಚಿತ್ರಗಳಲ್ಲಿ ಟೆಮಿ ಚಾಂಗ್ ಎಂಬ ಚಿತ್ರಕಾರರ ನೆರವು ದೊರೆಯಿತು. 2013ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಚಂದಾಪದ್ಧತಿಯಿಂದ ಸಾರ್ವಜನಿಕರಲ್ಲಿ ಆತನು 5,000 ಡಾಲರುಗಳನ್ನು ಬೇಡಿದನು. ಬಂದದ್ದು 51,000ಕ್ಕೂ ಮಿಕ್ಕು. ದೊಡ್ಡ ಕಂಪನಿಗಳ ಹಂಗಿಲ್ಲದೆ ಹೀಗೆ ಒಬ್ಬಿಬ್ಬರು ಸೇರಿ ಮಾಡುವ ಆಟಗಳಿಗೆ ‘ಇಂಡೀ’ ಎಂದು ಹೆಸರು. ನೂರು ಗಂಟೆ ಆಡಿದರೂ ಮುಗಿಯದ ಮಹಾಪ್ರಬಂಧಗಳ ನಡುವೆ ಇದು ಖಂಡಕಾವ್ಯದಂಥದು. ಒಂದು ಹಾದಿಯನ್ನು ಮುಗಿಸಲು ಆರೇಳು ಗಂಟೆಗಳು ಸಾಕು. ಕಣ್ಣಿಗೆ ಆಡಂಬರವೇನೂ ಇಲ್ಲ. ಚೌಕಚೌಕವಾದ ಚುಕ್ಕೆಗಳಿಂದ ಕಟ್ಟಿದ ಹಳೆಯ ಮಾದರಿಯ ಚಿತ್ರಗಳು. ಹೋರಾಟ ಬಂದಾಗ ಕಪ್ಪು ಪರದೆಯ ಮೇಲೆ ಬಿಳಿಯ ಗೆರೆಗಳು, ಅಷ್ಟೆ.

ಬಹುಕಾಲದ ಹಿಂದೆ ಮಾನವರಿಗೂ ‘ಮಾನ್‌ಸ್ಟರ್’ಗಳೆಂಬ ವಿಚಿತ್ರಜೀವಿಗಳಿಗೂ ಯುದ್ಧವಾಯಿತು, ಮಾನವರು ಗೆದ್ದು ಆ ಜೀವಿಗಳನ್ನು ಪಾತಾಳಕ್ಕೆ ತಳ್ಳಿ ಮಂತ್ರಬಂಧನದಿಂದ ಮುಚ್ಚಿಬಿಟ್ಟರು. ಎಬಟ್ ಎಂಬ ಬೆಟ್ಟದ ಬಿಲದಲ್ಲಿ ಮಗುವೊಂದು ಕಾಲುಜಾರಿ ಬಿದ್ದು ಆ ಪಾತಾಳವನ್ನು ಸೇರುತ್ತದೆ. ಅಲ್ಲಿಂದ ಅದು ಹೊರಬೀಳುವ ಬಗೆಯೇ ಕಥೆ. ಆ ಲೋಕದ ವ್ಯವಹಾರವೆಲ್ಲ ಸ್ವಪ್ನದ ವ್ಯವಹಾರ. ಸದಾ ಅಳುವ ಭೂತವೊಂದುಂಟು, ಅದರ ಕಣ್ಣೀರೇ ಅದರ ಅಸ್ತ್ರ. ಅದನ್ನು ಸಂತೈಸಿದರೆ ಜಗಳ ಮುಗಿಯುತ್ತದೆ. ನಗೆಚಾಟಿಕೆ ಹೇಳುವ ಅಸ್ಥಿಪಂಜರ, ತಿಂಡಿ ಮಾರುವ ಜೇಡಗಳು, ಪ್ರಾಣ ಹೋಗುವ ಹೊತ್ತಿನಲ್ಲಿಯೂ ಪ್ರೇಕ್ಷಕರನ್ನು ರಂಜಿಸುವ ಯಂತ್ರಪುರುಷ, ಇಂಥವರೆಲ್ಲ ಅಲ್ಲಿನ ಪ್ರಜೆಗಳು. ಎದುರಾದ ಪ್ರತಿಯೊಬ್ಬರನ್ನೂ ಕೊಲ್ಲಬಹುದು. ಒಬ್ಬರನ್ನೂ ಕೊಲ್ಲದೆ ಕಥೆಯನ್ನು ದಡಮುಟ್ಟಿಸಲೂಬಹುದು.

ಹೋರಾಟದ ರೀತಿಯನ್ನು ಸ್ವಲ್ಪ ತಿಳಿಯುವುದು ಅಗತ್ಯ. ಮಗುವಿನ ಆತ್ಮವು ಕೆಂಪು ಹೃದಯದ ಆಕಾರದಲ್ಲಿ ಒಂದು ಚೌಕಟ್ಟಿನೊಳಗೆ ಕಾಣಿಸಿಕೊಳ್ಳುತ್ತದೆ. ಎದುರಾಳಿಯ ಬಾಣಗಳು, ಎಲುಬುಗಳು, ಕಣ್ಣೀರಿನ ಹನಿಗಳು ಆ ಚೌಕಟ್ಟಿನೊಳಗೆ ಸುರಿಯುತ್ತವೆ. ಆಡುವವನು ಹೃದಯವನ್ನು ಅತ್ತಿತ್ತ ಸರಿಸಿ ತಪ್ಪಿಸಿಕೊಳ್ಳಬೇಕು. ತನ್ನ ಸರದಿ ಬಂದಾಗ ಹೊಡೆಯಬಹುದು, ಮಾತನಾಡಿಸಬಹುದು, ಕೈಯಲ್ಲಿದ್ದ ವಸ್ತುವನ್ನು ಬಳಸಬಹುದು, ಅಥವಾ ಕ್ಷಮಿಸಬಹುದು. ಕ್ಷಮಿಸುವವನು ಸುಮ್ಮನಿರುವಂತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಪೆಟ್ಟುಗಳ ನಡುವೆಯೇ ನಿಂತು ಎದುರಾಳಿಯ ಮನಸ್ಸು ಬದಲಾಗುವವರೆಗೆ ತಾಳಿಕೊಳ್ಳಬೇಕು. ಇಂಥ ಆಟಗಳಲ್ಲಿ ಕೊಂದಷ್ಟೂ ‘ಅನುಭವ’ದ ಅಂಕಗಳು ಕೂಡುವುದೂ ಅಂಕಗಳಿಗೆ ತಕ್ಕಂತೆ ಆಟಗಾರನ ‘ಮಟ್ಟ’ವು ಏರುವುದೂ ರೂಢಿ. ಇವಕ್ಕೆ ‘ಇಎಕ್ಸ್‌ಪಿ’, ‘ಎಲ್‌ವಿ’ ಎಂಬ ಇಂಗ್ಲಿಷ್ ಸಂಕ್ಷೇಪಗಳು. ಆಟದ ಆರಂಭದಲ್ಲಿ ಫ್ಲವಿ ಎಂಬ ಹೂವೊಂದು ನಗುಮುಖದಿಂದ ಬಂದು ಎಲ್‌ವಿ ಎಂದರೆ ‘ಲವ್’, ಪ್ರೀತಿ, ಎಂದು ಹೇಳಿಕೊಡುತ್ತದೆ. ಕೊನೆಯ ಮಂದಿರದಲ್ಲಿ ಸಾನ್ಸ್ ಎಂಬ ಅಸ್ಥಿಪಂಜರವು ಆ ಅಕ್ಷರಗಳ ನಿಜವಾದ ಅರ್ಥವನ್ನು ಬಿಡಿಸುತ್ತದೆ: ಮೊದಲನೆಯದು ವಧೆಯ ಅಂಕ, ಎರಡನೆಯದು ಹಿಂಸೆಯ ಮಟ್ಟ. ಯಾರನ್ನೂ ಕೊಲ್ಲದವನು ಕೊನೆಯವರೆಗೂ ಮೊದಲನೆಯ ಮಟ್ಟದಲ್ಲಿಯೇ, ಪ್ರಾಣಬಲದ 20 ಅಂಕಗಳೊಡನೆಯೇ ನಿಂತಿರುತ್ತಾನೆ. ಎಲ್ಲರನ್ನೂ ಕೊಂದವನು 20ನೆಯ ಮಟ್ಟವನ್ನೇರಿ 99 ಅಂಕಗಳನ್ನು ಪಡೆಯುತ್ತಾನೆ. ದಯಾಳುವಿಗೆ ಬಲವು ತಾನಾಗಿ ಬರುವುದೆಂದು ಮಕ್ಕಳ ನೀತಿಕಥೆಗಳು ಹೇಳುವುದುಂಟು. ಈ ಆಟವು ಆ ಸುಳ್ಳನ್ನು ಹೇಳುವುದಿಲ್ಲ.

ಪ್ರಕೃತ ಪ್ರಶ್ನೆಯು ಹುಟ್ಟುವುದು ಟೋರಿಯೆಲ್ ಎಂಬವಳ ಪ್ರಸಂಗದಲ್ಲಿ. ಮೇಕೆಯ ಮುಖದ ಈ ತಾಯಿಯು ಬಿದ್ದ ಮಗುವನ್ನು ಕೈಹಿಡಿದು ಮನೆಗೆ ಕರೆತಂದು, ಸಿಹಿತಿಂಡಿ ಮಾಡಿ, ಮಲಗಲು ಕೋಣೆ ಕೊಡುತ್ತಾಳೆ. ಹೊರಗೆ ಹೋದ ಮಕ್ಕಳೆಲ್ಲ ಸತ್ತುದನ್ನು ಬಲ್ಲವಳಾದುದರಿಂದ ಹೊರಬಾಗಿಲನ್ನು ಅಡ್ಡಗಟ್ಟಿ ನಿಲ್ಲುತ್ತಾಳೆ. ಮಗುವು ಸೋತು ಹಿಂದಿರುಗಲೆಂದೇ ಅವಳ ಹೋರಾಟ. ಮಗುವಿನ ಪ್ರಾಣವು ಕುಗ್ಗಿದೊಡನೆ ಅವಳ ಅಗ್ನಿಬಾಣಗಳು ತಾವಾಗಿಯೇ ಪಕ್ಕಕ್ಕೆ ಸರಿದು ಬೀಳುತ್ತವೆ. ಅವಳನ್ನು ಕೊಲ್ಲದೆ ದಾಟುವ ಉಪಾಯವು ಸುಲಭವಾಗಿ ಹೊಳೆಯುವುದಿಲ್ಲ. ಪದೇ ಪದೇ ಕ್ಷಮಿಸಿದರೂ ಫಲ ಕಾಣದೆ, ಸ್ವಲ್ಪ ದುರ್ಬಲಳನ್ನಾಗಿ ಮಾಡಿ ಬಿಟ್ಟುಬಿಡೋಣವೆಂದು ಆಟಗಾರನು ಹೊಡೆಯುತ್ತಾನೆ. ಎಣಿಸಿದುದಕ್ಕಿಂತ ಬಲವಾಗಿ ಪೆಟ್ಟು ತಗಲಿ ಅವಳು ಸತ್ತೇಹೋಗುತ್ತಾಳೆ. ಬಹುಮಂದಿ ಆಟಗಾರರು ಇಲ್ಲಿ ಬೆಚ್ಚಿ, ಕಾಲವನ್ನು ಹಿಂದಿರುಗಿಸಿ, ಎರಡನೆಯ ಬಾರಿ ತಾಳ್ಮೆಯಿಂದ ಅವಳನ್ನು ಉಳಿಸುತ್ತಾರೆ. ಅವಳು ಮಗುವನ್ನು ಅಪ್ಪಿ ಬೀಳ್ಕೊಡುತ್ತಾಳೆ. ಎಲ್ಲವೂ ಸರಿಹೋಯಿತು. ಬಾಗಿಲಿನಾಚೆಗೆ ಫ್ಲವಿ ಕಾದಿರುತ್ತದೆ. ನೀನು ಮೊದಲು ಅವಳನ್ನು ಕೊಂದೆ, ಮನಸ್ಸು ಚುಚ್ಚಿತು, ಹಿಂದಕ್ಕೆ ಹೋಗಿ ಬದುಕಿಸಿದೆ, ಇದು ಯಾರಿಗೂ ತಿಳಿಯದೆಂದುಕೊಂಡೆಯಾ ಎಂಬರ್ಥದ ಮಾತನ್ನು ಆ ಹೂವು ಆಡುತ್ತದೆ. ಯಂತ್ರವು ಮರೆತಿತೆಂದು ನಂಬಿದ್ದವನಿಗೆ ಇದು ಎದೆಯೊಡೆಯುವ ಮಾತು.

ಇಲ್ಲಿ ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸುವುದು ನ್ಯಾಯ. ಟೋರಿಯೆಲ್ ಎಂಬವಳು ಯಾರು? ಕೆಲವು ಚುಕ್ಕೆಗಳು. ಅವಳಿಗೆ ನೋವಿಲ್ಲ, ಪ್ರಾಣವಿಲ್ಲ. ಇಲ್ಲದ ಪ್ರಾಣದ ಹರಣವೆಂತು? ಯಕ್ಷಗಾನದಲ್ಲಿ ಭೀಮನ ವೇಷಧಾರಿಯು ದುಶ್ಶಾಸನನ ಎದೆಯನ್ನು ಬಗೆದರೆ ಅವನಿಗೆ ಪ್ರಾಯಶ್ಚಿತ್ತವಿಲ್ಲ. ಸೌಪ್ತಿಕಪರ್ವವನ್ನು ಬರೆದ ವ್ಯಾಸರಿಗೂ ಇಲ್ಲ, ಓದಿದವರಿಗೂ ಇಲ್ಲ. ಮೇಲಾಗಿ ಚುಕ್ಕೆಗಳಿಗಾಗಿ ಅಳುವ ಮನಸ್ಸು ನಿಜವಾದ ಸಂಕಟದ ಮುಂದೆ ಒಣಗಿರುವುದೂ ಉಂಟು. ಚುಕ್ಕೆಗಳ ಮೇಲಣ ದಯೆಯು ದಯೆಯ ವೇಷವಷ್ಟೆ. ಈ ವಾದವು ಹಗುರವಾದುದಲ್ಲ. ಮಕ್ಕಳ ಪ್ರತಿಯೊಂದು ಆಟದಲ್ಲಿಯೂ ಪಾಪವನ್ನು ಹುಡುಕುವ ಹಿರಿಯರಿಗೆ ಇದನ್ನು ಹೇಳಬೇಕಾದ ಸಂದರ್ಭಗಳು ಬೇಕಾದಷ್ಟಿವೆ.

ಆದರೆ ಕನ್ನಡವನ್ನು ಓದಿದವರಿಗೆ ಇಲ್ಲಿ ಒಂದು ಹುಂಜವು ನೆನಪಿಗೆ ಬಾರದಿರದು. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ಮುಗಿಸಿದ ‘ಯಶೋಧರಚರಿತೆ’ಯಲ್ಲಿ ಯಶೋಧರನು ಪ್ರಾಣಿಬಲಿಗೆ ಒಪ್ಪುವುದಿಲ್ಲ, ತಾಯಿ ಚಂದ್ರಮತಿಯ ಒತ್ತಾಯವನ್ನು ತಳ್ಳಲಾರದೆ ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ದೇವಿಯ ಮುಂದೆ ಕಡಿಯುತ್ತಾನೆ. ಕಡಿದಾಗ ಅದು ಕೂಗುತ್ತದೆ. ತಾಯಿಮಕ್ಕಳಿಬ್ಬರೂ ಆ ಒಂದು ಸಂಕಲ್ಪದ ಫಲವಾಗಿ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. ಜೈನಶಾಸ್ತ್ರವು ದ್ರವ್ಯಹಿಂಸೆ, ಭಾವಹಿಂಸೆ ಎಂದು ವಿಂಗಡಿಸುತ್ತದೆ. ಹೊರಗೆ ಪ್ರಾಣಹರಣವಾಗದಿದ್ದರೂ ಕೊಲ್ಲುವ ಭಾವವು ಒಳಗೆ ಎದ್ದಿತೆಂದರೆ ಹಿಂಸೆಯು ಆಗಿಹೋಯಿತು. ಚುಕ್ಕೆಗಳ ಟೋರಿಯೆಲ್ಲಳಿಗಿಂತ ಹಿಟ್ಟಿನ ಹುಂಜವು ಯಾವ ವಿಧದಲ್ಲಿ ಹೆಚ್ಚು ಸಜೀವವಾಗಿತ್ತು?

ವೇಷಧಾರಿಯ ಮಾತಿಗೆ ಉತ್ತರವು ಇದರಲ್ಲಿಯೇ ಇದೆ. ಭೀಮನ ವೇಷಧಾರಿಗೆ ಕೊಲ್ಲುವ ಸಂಕಲ್ಪವಿಲ್ಲ. ಪ್ರಸಂಗವು ಹಾಗೆ ಕಟ್ಟಲ್ಪಟ್ಟಿದೆ, ಅವನು ಅದನ್ನು ತೋರಿಸುತ್ತಾನೆ. ಸಹೃದಯನಾದರೋ ಸಾಧಾರಣೀಕರಣದಿಂದ ರಸವನ್ನು ಸವಿಯುತ್ತಾನಲ್ಲದೆ ಕರ್ತೃವಾಗುವುದಿಲ್ಲ. ಆಟಗಾರನು ಸಹೃದಯನೂ ಹೌದು, ಕರ್ತೃವೂ ಹೌದು. ಹೊಡೆಯುವ ಗುಂಡಿಯೂ ಕ್ಷಮಿಸುವ ಗುಂಡಿಯೂ ಅವನ ಕೈಯಳತೆಯಲ್ಲಿಯೇ ಇವೆ. ಯಾವುದನ್ನು ಒತ್ತಬೇಕೆಂದು ಯಾವ ಭಾಗವತನೂ ಹಾಡಿ ತಿಳಿಸುವುದಿಲ್ಲ. ಇದು ನಾಟಕಕ್ಕೂ ಕಾವ್ಯಕ್ಕೂ ಇಲ್ಲದ ಧರ್ಮ. ಆಟವನ್ನು ಒಂದು ಕಲೆಯೆಂದು ಎಣಿಸಬೇಕಾದರೆ ಅದರ ವೈಶಿಷ್ಟ್ಯವನ್ನು ಇಲ್ಲಿಯೇ ಹುಡುಕಬೇಕು, ಚಿತ್ರದ ಹೊಳಪಿನಲ್ಲಲ್ಲ.

ಇನ್ನು ಹಿಂದಿರುಗಿಸಿದ ಕರ್ಮದ ವಿಚಾರ. ಮೀಮಾಂಸಕರಿಗೆ ಒಂದು ತೊಡಕು ಎದುರಾಯಿತು: ಯಾಗಕ್ರಿಯೆಯು ಮಾಡಿ ಮುಗಿಸಿದೊಡನೆ ನಾಶವಾಗುತ್ತದೆ, ಫಲವು ಎಷ್ಟೋ ಕಾಲದ ಮೇಲೆ ಬರುತ್ತದೆ, ನಡುವೆ ಉಳಿಯುವುದೇನು? ಅದಕ್ಕೆ ಅವರು ‘ಅಪೂರ್ವ’ವೆಂಬುದನ್ನು ಒಪ್ಪಿದರು. ಕ್ರಿಯೆಯು ಹೋದರೂ ಕರ್ತೃವಿನಲ್ಲಿ ನಿಲ್ಲುವ ಶಕ್ತಿ ಅದು. ಈ ಆಟವು ಆಟಗಾರನು ತಾನಾಗಿ ಉಳಿಸಿಟ್ಟ ದಾಖಲೆಯಲ್ಲದೆ ಬೇರೊಂದು ದಾಖಲೆಯನ್ನೂ ಯಂತ್ರದಲ್ಲಿ ಇಟ್ಟುಕೊಂಡಿರುತ್ತದೆ. ಕಾಲವನ್ನು ಹಿಂದಿರುಗಿಸಿದರೂ ಅದು ಅಳಿಯುವುದಿಲ್ಲ. ಅದನ್ನೂ ಹುಡುಕಿ ತೆಗೆದುಹಾಕುವ ಜಾಣರು ಇದ್ದಾರೆ. ಅವರಿಗೂ ತೆಗೆದುಹಾಕಿದೆವೆಂಬ ನೆನಪು ಉಳಿಯುತ್ತದೆಯಲ್ಲವೆ? ಕಾಲವನ್ನು ಹಿಂದಿರುಗಿಸಿದವನು ಹತಳಿಗೆ ಪ್ರಾಣವನ್ನು ಹಿಂದಕ್ಕೆ ಕೊಟ್ಟನು, ನಿಜ. ತನಗೆ ತನ್ನ ಹಿಂದಿನ ನಿರಪರಾಧವನ್ನು ಹಿಂದಕ್ಕೆ ಕೊಟ್ಟುಕೊಳ್ಳಲು ಅವನಿಂದಾಗಲಿಲ್ಲ. ಹಾಗೆಂದು ಹಿಂದಿರುಗಿ ಬದುಕಿಸಿದುದು ವ್ಯರ್ಥವೆಂದೇನೂ ಅಲ್ಲ. ಬೆಚ್ಚಿಬಿದ್ದು ಹಿಂದಿರುಗಿದ ಆ ಮನಸ್ಸು ಆಟದಲ್ಲಿ ದೊರೆಯುವ ಯಾವ ಅಂಕಕ್ಕಿಂತಲೂ ದೊಡ್ಡದು. ಫ್ಲವಿಯ ಕುಹಕಕ್ಕೆ ಈ ಮಟ್ಟಿಗೆ ಉತ್ತರ ಹೇಳಬಹುದು.

ತಿಳಿಯದೆ ಮಾಡಿದುದರ ಮಾತು ಇಷ್ಟಾಯಿತು. ತಿಳಿದು ತಿಳಿದೂ ಎಲ್ಲರನ್ನೂ ಕೊಲ್ಲುವ ಹಾದಿಯೊಂದು ಇದೇ ಆಟದಲ್ಲಿದೆ. ಅದು ಕೋಪದ ಭರದಲ್ಲಿ ನಡೆಯುವ ಹಾದಿಯಲ್ಲ. ಪ್ರತಿಯೊಂದು ಪ್ರದೇಶದಲ್ಲಿಯೂ ಹಿಂದೆ ಮುಂದೆ ಅಲೆದು, ಅಡಗಿರುವ ಕಡೆಯ ಜೀವಿಯವರೆಗೆ ಒಂದೊಂದನ್ನೂ ಹುಡುಕಿ ಮುಗಿಸಬೇಕು. ಆಮೇಲೆ ಹೋರಾಟದ ಪರದೆ ತೆರೆಯುತ್ತದೆ, ಎದುರಿಗೆ ಯಾರೂ ಬರುವುದಿಲ್ಲ. ಯಾರೂ ಬರಲಿಲ್ಲವೆಂಬ ಒಂದು ಸಾಲಿನ ಬರವಣಿಗೆ ಮಾತ್ರ ಕಾಣುತ್ತದೆ. ಊರುಗಳು ಬರಿದಾಗುತ್ತವೆ, ಸಂಗೀತವು ಮಂದವಾಗಿ ಎಳೆಯುತ್ತದೆ. ಪಪೈರಸ್ ಎಂಬ ಸರಳಹೃದಯದ ಅಸ್ಥಿಪಂಜರವು, ಮಾನವನನ್ನು ಹಿಡಿದು ರಾಜಸೇವೆಗೆ ಸೇರಬೇಕೆಂದು ಕನಸು ಕಾಣುತ್ತಿದ್ದವನು, ಈ ಹಾದಿಯಲ್ಲಿ ಆಯುಧವೆತ್ತುವುದೇ ಇಲ್ಲ. ಕೈಚಾಚಿ ನಿಂತು, ನೀನು ಒಳ್ಳೆಯವನಾಗಬಲ್ಲೆ ಎನ್ನುತ್ತಾನೆ. ಒಂದೇ ಪೆಟ್ಟಿಗೆ ಅವನ ತಲೆ ಬೀಳುತ್ತದೆ. ಬಿದ್ದ ತಲೆಯೂ ಆ ನಂಬಿಕೆಯನ್ನು ಬಿಡುವುದಿಲ್ಲ. ಆಟವು ಇಷ್ಟು ಬೇಸರವನ್ನೂ ಇಷ್ಟು ನೋವನ್ನೂ ಅಡ್ಡ ಇಟ್ಟಿರುವಾಗ, ಅದನ್ನು ದಾಟಿ ಮುಂದುವರಿಯುವವನನ್ನು ನಡೆಸುವ ಶಕ್ತಿ ಯಾವುದು? ದ್ವೇಷವಲ್ಲ. ಮುಂದೇನಿದೆಯೋ ನೋಡಿಬಿಡಬೇಕೆಂಬ ಕುತೂಹಲ.

ಆಟದ ತತ್ತ್ವವೆಲ್ಲ ಇಲ್ಲಿ ಅಡಗಿದೆ. ಈ ಹಾದಿಯಲ್ಲಿ ಫ್ಲವಿಯು ತನ್ನ ಪೂರ್ವಕಥೆಯನ್ನು ಹೇಳಿಕೊಳ್ಳುತ್ತದೆ. ಮಗುವು ಬೀಳುವ ಮುಂಚೆ ಕಾಲವನ್ನು ಹಿಂದಿರುಗಿಸುವ ಶಕ್ತಿಯು ಅದಕ್ಕಿತ್ತು. ಮೊದಮೊದಲು ಆ ಶಕ್ತಿಯನ್ನು ಒಳ್ಳೆಯದಕ್ಕೇ ಬಳಸಿತು: ಎಲ್ಲರೊಡನೆ ಸ್ನೇಹ ಮಾಡಿತು, ಎಲ್ಲರ ಕಷ್ಟಗಳನ್ನೂ ಬಿಡಿಸಿತು. ಎಷ್ಟೋ ಸಲ ಹೀಗೆ ಮಾಡಿದ ಮೇಲೆ ಯಾರಿಗೆ ಏನು ಹೇಳಿದರೆ ಏನು ಉತ್ತರ ಬರುವುದೆಂಬುದು ಬಾಯಿಪಾಠವಾಯಿತು. ಬೇಸರ ಹುಟ್ಟಿತು. ಇವರನ್ನು ಕೊಂದರೆ ಏನಾಗುವುದೋ ಎಂಬ ಪ್ರಶ್ನೆಯು ಎದ್ದಿತು. ಇದು ತನಗೆ ಇಷ್ಟವಿಲ್ಲ, ತಿಳಿದುಕೊಳ್ಳಬೇಕಾಗಿದೆಯಷ್ಟೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೊಲ್ಲತೊಡಗಿತು. ಒಳ್ಳೆಯ ಮುಕ್ತಾಯವನ್ನು ಮುಟ್ಟಿದ ಮೇಲೆ, ಉಳಿದ ಹಾದಿಯನ್ನೂ ಒಮ್ಮೆ ನೋಡಿಬಿಡೋಣವೆಂದು ಹೊರಟ ಆಟಗಾರನು ಈ ಮಾತನ್ನು ಕೇಳುವಾಗ, ಕನ್ನಡಿಯಲ್ಲಿ ತನ್ನ ಮುಖವನ್ನೇ ಕಾಣುತ್ತಾನೆ.

ಕಾಲವು ಹಿಂದಿರುಗುವುದನ್ನು ಊಹಿಸಬಲ್ಲ ಇನ್ನೊಬ್ಬನು ಸಾನ್ಸ್, ಪಪೈರಸನ ಅಣ್ಣ. ಅವನಿಗೆ ಹಿಂದಿನ ಸಲದ ನೆನಪಿಲ್ಲ. ಲೋಕವು ನಿಂತು ನಿಂತು ಮತ್ತೆ ಮೊದಲಾಗುತ್ತಿದೆಯೆಂಬ ತಿಳಿವು ಮಾತ್ರ ಇದೆ. ಆ ತಿಳಿವು ಅವನನ್ನು ಕ್ರೂರಿಯನ್ನಾಗಿ ಮಾಡದೆ ಆಲಸಿಯನ್ನಾಗಿ ಮಾಡಿದೆ. ಎಲ್ಲವೂ ಅಳಿಸಿಹೋಗುವಂತಿದ್ದರೆ ದುಡಿದು ಫಲವೇನು? ಕೊಲೆಯ ಹಾದಿಯ ಕೊನೆಯಲ್ಲಿ ಎದ್ದು ನಿಂತು ಹೋರಾಡುವವನೂ ಅವನೇ. ಆಟಗಾರನು ಮತ್ತೆ ಮತ್ತೆ ಸತ್ತು ಮತ್ತೆ ಮತ್ತೆ ಬಂದರೆ, ಅವನ ಮುಖದ ಭಾವವನ್ನು ನೋಡಿಯೇ ಎಷ್ಟನೆಯ ಸಲವೆಂದು ಸಾನ್ಸನು ಎಣಿಸುತ್ತಾನೆ. (ಆ ಹೋರಾಟದ ಸಂಗೀತವನ್ನು 2022ರ ಜನವರಿಯಲ್ಲಿ ರೋಮಿನಲ್ಲಿ ಪೋಪ್ ಫ್ರಾನ್ಸಿಸರ ಸಮ್ಮುಖದಲ್ಲಿ ಸರ್ಕಸ್ ಕಲಾವಿದರು ತಮ್ಮ ಕಸರತ್ತಿಗೆ ಹಿನ್ನೆಲೆಯಾಗಿ ಬಳಸಿದರು, ಅದು ಯಾವ ಪ್ರಸಂಗದ ಸಂಗೀತವೆಂಬುದು ಸಭೆಯಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ.) ಒಬ್ಬನಿಗೆ ಕ್ರೌರ್ಯ, ಒಬ್ಬನಿಗೆ ನಿರಾಶೆ: ಹಿಂದಿರುಗಿಸಬಹುದಾದ ಲೋಕದಲ್ಲಿ ಬದುಕುವವರಿಗೆ ಹಿಡಿಯುವ ರೋಗಗಳು ಇವು. ಎದುರಿಗಿರುವವನು ಒಮ್ಮೆ ಹೋದರೆ ಮತ್ತೆ ಬಾರನೆಂಬುದರಿಂದಲೇ ಅವನ ಮೇಲೆ ಕರುಣೆ ಹುಟ್ಟುತ್ತದೆ. ಮರಣವಿರುವ ಲೋಕದಲ್ಲಿ ಮರಣವನ್ನು ದೂರುವುದು ರೂಢಿ. ಮರಣವನ್ನು ಅಳಿಸಬಹುದಾದ ಲೋಕವನ್ನು ಕಟ್ಟಿ, ಅಲ್ಲಿ ಮೊದಲು ಸಾಯುವುದು ಪ್ರೀತಿಯೆಂದು ತೋರಿಸಿದುದು ಈ ತರುಣನ ಸಾಧನೆಯೆನ್ನಬೇಕು.

ಕುತೂಹಲವನ್ನು ಪಾಪವೆಂದರೆ ವಿದ್ಯೆಯೇ ಇಲ್ಲವಾಗುವುದು ಎಂಬ ಆಕ್ಷೇಪವು ಏಳಬಹುದು. ಪಾತಾಳದ ಕಟ್ಟಡವನ್ನು ಅರಿಯಬೇಕೆಂಬ ಕುತೂಹಲ ಬೇರೆ. ಒಬ್ಬ ಜೀವಿಯಲ್ಲಿ ನೋಡದೆ ಉಳಿದ ಭಾಗವು ಅವನ ಸಾವೊಂದೇ ಎಂದು ಅದನ್ನೂ ನೋಡಿ ಮುಗಿಸುವ ಕುತೂಹಲ ಬೇರೆ. ಎರಡನೆಯದರಲ್ಲಿ ಎದುರಿನವನು ಬರಿದುಮಾಡಿ ಎಸೆಯತಕ್ಕ ಪಾತ್ರೆಯಾಗುತ್ತಾನೆ. ಚುಕ್ಕೆಗಳಿಗೆ ಇದರಿಂದ ನಷ್ಟವಿಲ್ಲ. ಹಾಗೆ ನೋಡಲು ಕಲಿತ ಕಣ್ಣು ಆಟವನ್ನು ಮುಗಿಸಿ ಎದ್ದು ಮನೆಯವರ ನಡುವೆ ಬಂದು ಕುಳಿತುಕೊಳ್ಳುತ್ತದೆ.

ಕೊಲ್ಲುವ ಹಾದಿಯನ್ನು ತಾವು ತುಳಿಯದೆ, ಬೇರೆಯವರು ತುಳಿದುದನ್ನು ಚಲಚ್ಚಿತ್ರದಂತೆ ನೋಡಿ ತೃಪ್ತರಾದವರು ಬಹಳ. ಅವರನ್ನೂ ಫ್ಲವಿಯು ಬಿಡುವುದಿಲ್ಲ. ಮಾಡಲು ಧೈರ್ಯವಿಲ್ಲದೆ ನಿಂತು ನೋಡುವವರಿಗಿಂತ ತಾವೇ ಮೇಲಲ್ಲವೆ ಎಂದು ಆಟಗಾರನೊಡನೆ ಹೇಳುತ್ತದೆ. ಪತಂಜಲಿಯು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಎಣಿಸಿದುದನ್ನು ಬಲ್ಲವರಿಗೆ ಇದು ಹೊಸತಲ್ಲ. ಆದರೆ ಆ ಎಣಿಕೆಯಲ್ಲಿ ನಡುವಿನದೊಂದು ಇದೆಯಷ್ಟೆ. ಕೊಲ್ಲುವ ಹಾದಿಯನ್ನು ಅಗೆದು, ಅದರ ಕೊನೆಯಲ್ಲಿ ಬೇರೆಲ್ಲಿಯೂ ಸಿಕ್ಕದ ಅತ್ಯಂತ ರೋಮಾಂಚಕವಾದ ಹೋರಾಟವನ್ನು ಇರಿಸಿ, ಬಂದವನನ್ನು ಏಕೆ ಬಂದೆಯೆಂದು ಗದರಿಸುವವನು ಯಾರು? ಹಿಟ್ಟನ್ನು ನಾದಿ ಹುಂಜವನ್ನು ಮಾಡಿ ಕೈಗೆ ಕತ್ತಿಯನ್ನು ಕೊಟ್ಟವರ ಪಾಲೆಷ್ಟು? ಜನ್ನನ ಕಥೆಯಲ್ಲಿ ಚಂದ್ರಮತಿಗೆ ಮಗನಷ್ಟೇ ಜನ್ಮಗಳು ಬಂದುವು. ಈ ಆಟದಲ್ಲಿ ಕರ್ತೃವಿನ ಪಾಲನ್ನು ಗಟ್ಟಿಯಾಗಿ ಕೇಳುವವರಿಲ್ಲ. ಅದೊಂದು ಕೊರತೆಯೇ ಸರಿ.

ಎಲ್ಲರನ್ನೂ ಮುಗಿಸಿದವನಿಗೆ ಲೋಕವೇ ಅಳಿಸಿಹೋಗುತ್ತದೆ. ಕಪ್ಪು ಪರದೆಯ ಮುಂದೆ ಸುಮಾರು ಹತ್ತು ನಿಮಿಷ ಸುಮ್ಮನೆ ಕಾದರೆ ಕತ್ತಲೆಯಿಂದ ಒಂದು ಧ್ವನಿ ಬರುತ್ತದೆ: ಲೋಕವು ಮರಳಿ ಬೇಕಾದರೆ ನಿನ್ನ ಆತ್ಮವನ್ನು ಕೊಡು. ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ. ಆಮೇಲೆ ಎಷ್ಟು ದಯೆಯಿಂದ ಆಡಿ ಶುಭವಾದ ಮುಕ್ತಾಯವನ್ನು ಪಡೆದರೂ, ಕೊನೆಯ ಚಿತ್ರದಲ್ಲಿ ಆ ವ್ಯಾಪಾರದ ಗುರುತು ಕಾಣಿಸಿಕೊಳ್ಳುತ್ತದೆ. ಇಲ್ಲಿ ಪ್ರಾಯಶ್ಚಿತ್ತಕ್ಕೆ ಎಡೆಯೇ ಇಲ್ಲದಿರುವುದು ಧರ್ಮಶಾಸ್ತ್ರವನ್ನು ಓದಿದವರಿಗೆ ಅತಿಯೆಂದು ತೋರುವುದು; ಸ್ಮೃತಿಕಾರರು ಇಷ್ಟು ಕಠಿನರಲ್ಲ.

ಒಬ್ಬರನ್ನೂ ಕೊಲ್ಲದೆ ಮುಗಿಸಿದವನ ಸ್ಥಿತಿ ಇನ್ನೂ ವಿಚಿತ್ರ. ಬಂಧನವು ಒಡೆದು, ಪಾತಾಳದವರೆಲ್ಲ ಹೊರಗೆ ಬಂದು ಸೂರ್ಯೋದಯವನ್ನು ನೋಡುತ್ತಾರೆ. ಅನಂತರ ಆಟವನ್ನು ಮತ್ತೆ ತೆರೆದರೆ ಫ್ಲವಿಯೇ ಎದುರಾಗುತ್ತದೆ, ಈ ಸಲ ಕುಹಕವಿಲ್ಲದೆ. ಎಲ್ಲರೂ ಸುಖವಾಗಿದ್ದಾರೆ, ಅವರ ಸುಖವನ್ನು ಕೆಡಿಸಬಲ್ಲವನು ನೀನೊಬ್ಬನೇ, ಅವರನ್ನು ಅವರ ಪಾಡಿಗೆ ಬಿಡು ಎಂದು ಬೇಡಿಕೊಳ್ಳುತ್ತದೆ. ಹಣ ಕೊಟ್ಟು ಕೊಂಡ ಆಟವು ತನ್ನನ್ನು ಇನ್ನು ಆಡಬೇಡವೆಂದು ಕೇಳುವುದು ಅಪರೂಪದ ಪ್ರಸಂಗ. ಆ ಮಾತಿಗೆ ಓಗೊಟ್ಟು ಮುಚ್ಚಿಟ್ಟು ಮತ್ತೆ ತೆರೆಯದವರೂ ಇದ್ದಾರೆ. ಅವರ ಮನೆಗಳಲ್ಲಿ ಅದನ್ನು ಕಂಡು ನಕ್ಕವರೂ ಇರಬಹುದು.

ಮೊದಲಿನಿಂದ ಮತ್ತೆ ಆಡುವವನಿಗೆ ಟೋರಿಯೆಲ್ಲಳ ಮನೆಯ ದಾರಿಯಲ್ಲಿ ಒಂದು ಸಣ್ಣ ವಿಷಯವು ಕಾದಿರುತ್ತದೆ. ಮೊದಲ ಸಲ ಅವಳು ದೂರವಾಣಿಯಲ್ಲಿ, ತಿಂಡಿಗೆ ದಾಲ್ಚಿನ್ನಿಯೋ ಬಟರ್‌ಸ್ಕಾಚೋ ನಿನಗೆ ಯಾವುದು ಇಷ್ಟವೆಂದು ಕೇಳುತ್ತಾಳೆ. ಕಾಲವನ್ನು ಹಿಂದಿರುಗಿಸಿ ಬಂದಾಗ ಅವಳಿಗೆ ಏನೂ ನೆನಪಿರದು, ಅವಳ ಬದುಕೂ ಸಾವೂ ಎರಡೂ ಅಳಿಸಿಹೋಗಿವೆ. ಆದರೂ ಪ್ರಶ್ನೆಯನ್ನು ಕೇಳಲು ಹೊರಟವಳು ತಡೆದು, ತಾಳು, ಹೇಳಬೇಡ ಎಂದು, ಹಿಂದಿನ ಸಲ ಆರಿಸಿಕೊಂಡುದರ ಹೆಸರನ್ನು ತಾನೇ ಊಹಿಸುತ್ತಾಳೆ. ಇಲ್ಲಿಗೆ ಬೀಳುವ ಮಾನವರನ್ನು ಮೊದಲೇ ಬಲ್ಲೆನೆಂದು ಏಕೋ ಅನಿಸುತ್ತದೆ ಎನ್ನುತ್ತಾಳೆ. ಕಾಳಿದಾಸನು ಶಾಕುಂತಲದ ಐದನೆಯ ಅಂಕದಲ್ಲಿ ಹೇಳುವ ಜನ್ಮಾಂತರದ ಸ್ನೇಹವು ಇದೇ ಬಗೆಯದು. ಕೊಂದವನ ಪಾಲಿಗೆ ಕೊಲೆಯ ನೆನಪು ಉಳಿದಿದೆ. ಸತ್ತವಳಲ್ಲಿ ಉಳಿದಿರುವುದು ಮಗುವಿಗೆ ಯಾವ ತಿಂಡಿ ಇಷ್ಟವೆಂಬುದು.